ತಡವಾಗಿ ಬಂದವನ ಅಂಗೈ

ಮೀಸೆ ಬೆಳ್ಳಗಾದ ಮೇಲೆ ಮತ್ತೆ ಬಳಪ ಹಿಡಿಯುವುದೆಂದರೆ ಸುಲಭದ ಮಾತಲ್ಲ. ದಿನವಿಡೀ ಶೇಂಗಾ ಹೊಲದಲ್ಲಿ ದುಡಿದು ಬಂದ ಕೂಲಿಯವನಿಗೆ, ಜೋಳದ ರೊಟ್ಟಿ ತಟ್ಟಿ ಮಕ್ಕಳನ್ನು ಮಲಗಿಸಿ ಬಂದ ತಾಯಿಗೆ, ರಾತ್ರಿ ಶಾಲೆಯ ಹೊಸ್ತಿಲು ಬಹಳ ಎತ್ತರವಾಗಿ ಕಾಣುತ್ತದೆ. ಕಲಿಸುವವನು ಮಗನ ವಯಸ್ಸಿನವನು, ತಪ್ಪಿದರೆ ಮೊಮ್ಮಕ್ಕಳು ನಕ್ಕಾರು, ಕಣ್ಣು ಮಂಜು, ನೆನಪು ನಿಲ್ಲದು. ಇವುಗಳ ಜೊತೆಗೆ “ಈ ವಯಸ್ಸಿನಲ್ಲಿ ಇದೆಲ್ಲ ಏಕೆ?” ಎಂಬ ನೆರೆಹೊರೆಯವರ ಮಾತು ಬೇರೆ. ಪಟ್ಟಣದಲ್ಲಿ ಕುಳಿತ ನಾವು ಈ ಅಂಜಿಕೆಯನ್ನು ಸೋಮಾರಿತನವೆಂದು ತಿಳಿಯುವುದುಂಟು. ಕೂಡ್ಲಿಗಿ ಸೀಮೆಗೆ ಸಂಬಂಧಿಸಿದ ಹಳೆಯ ಸರಕಾರಿ ಪತ್ರವೊಂದು ಬೇರೆಯೇ ಕಥೆಯನ್ನು ಹೇಳುತ್ತದೆ.

ಇಂದು ವಿಜಯನಗರ ಜಿಲ್ಲೆಗೆ ಸೇರಿರುವ ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿಗಳ ನಾಡು ಇನ್ನೂರು ವರ್ಷಗಳ ಹಿಂದೆ ಕಂಪನಿ ಸರಕಾರದ ಬಳ್ಳಾರಿ ಕಲೆಕ್ಟರರ ಆಡಳಿತದಲ್ಲಿತ್ತು. 1822ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೋ, ಜಿಲ್ಲೆ ಜಿಲ್ಲೆಯಲ್ಲಿಯೂ ನಾಡಶಾಲೆಗಳೆಷ್ಟು, ಓದುವ ಮಕ್ಕಳೆಷ್ಟು ಎಂದು ವಿಚಾರಿಸಿದರು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರ ಆಗಸ್ಟ್ 17ರಂದು ಉತ್ತರ ಬರೆದರು. ಆಗಿನ ವಿಶಾಲವಾದ ಜಿಲ್ಲೆಯಲ್ಲಿ 9,27,857 ಜನ, 533 ಶಾಲೆ, 6,641 ವಿದ್ಯಾರ್ಥಿಗಳು. ಎಂದರೆ ಸಾವಿರ ಜನಕ್ಕೆ ಏಳು ಮಕ್ಕಳು. ಕನ್ನಡ ಕಲಿಸುವ ಶಾಲೆ 235, ತೆಲುಗು ಕಲಿಸುವವು 226. ಅಷ್ಟೂ ಮಕ್ಕಳಲ್ಲಿ ಹುಡುಗಿಯರು ಅರವತ್ತೇ ಮಂದಿ!

ಆ ಶಾಲೆಯ ಒಳಗನ್ನೂ ಸಾಹೇಬರು ಬಿಡಿಸಿ ಬರೆದಿದ್ದಾರೆ. ಮಕ್ಕಳು ಮೊದಲು ಮರಳಿನ ಮೇಲೆ ಬೆರಳಿನಿಂದ ತಿದ್ದುತ್ತಿದ್ದರು. ಬಳಿಕ ಮಸಿ ಬಳಿದ ಹಲಗೆ, ಇಲ್ಲವೆ ಗಂಜಿ ಹಾಕಿ ಮಡಿಸಿದ ಬಟ್ಟೆಯ ಕಡತ, ಕೈಯಲ್ಲಿ ಬಳಪ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನಿಗೆ ಒಂದು ಸೊನ್ನೆ. ಮೂರನೆಯವನಿಗೆ ಒಂದು ಏಟು, ನಾಲ್ಕನೆಯವನಿಗೆ ಎರಡು. ಹೀಗೆ ತಡವಾದಷ್ಟೂ ಏಟು ಹೆಚ್ಚು. ಸೋಮಾರಿಗಳನ್ನು ಎರಡು ಕೈ ಕಟ್ಟಿ ಸೂರಿಗೆ ತೂಗುಹಾಕುವುದೂ ಇತ್ತು. ತಡವಾಗಿ ಬಂದವನಿಗೆ ಶಾಲೆಯೆಂದರೆ ಭಯವೇಕೆಂದು ಇನ್ನು ಬೇರೆ ಹೇಳಬೇಕೆ?

ಆದರೆ ತಡವಾದದ್ದು ಯಾರಿಂದ? ಇದಕ್ಕೂ ಅದೇ ಪತ್ರದಲ್ಲಿ ಉತ್ತರವಿದೆ. ಹಿಂದೆ ಶಾಲೆಗಳಿದ್ದ ಎಷ್ಟೋ ಊರುಗಳಲ್ಲಿ ಈಗ ಇಲ್ಲ ಎಂದು ಕಲೆಕ್ಟರರು ಒಪ್ಪಿಕೊಳ್ಳುತ್ತಾರೆ. ನಾಡು ಬಡವಾಗಿದೆ, ವಿಲಾಯಿತಿಯ ಬಟ್ಟೆ ಬಂದು ನೇಕಾರನ ಮಗ್ಗದ ಗಳಿಕೆ ಕುಗ್ಗಿದೆ, ಸಾಧಾರಣ ಜನಕ್ಕೆ ಗುರುವಿನ ಸಂಬಳ ಕೊಡುವ ಶಕ್ತಿಯಿಲ್ಲ, ಮಗುವಿನ ಕೈಕಾಲು ಗಟ್ಟಿಯಾಗುವ ಮೊದಲೇ ಅದರ ದುಡಿಮೆ ಮನೆಗೆ ಬೇಕಾಗಿದೆ. ಹೀಗೆ ಆ ಹುಡುಗ ಶಾಲೆಯನ್ನು ತಾನಾಗಿ ಬಿಟ್ಟವನಲ್ಲ. ಹೊಟ್ಟೆಪಾಡು ಅವನನ್ನು ಶಾಲೆಯಿಂದ ಎಳೆದುಕೊಂಡು ಹೋಯಿತು. ಮುಂದೆ ಬಂದ ತಲೆಮಾರುಗಳಲ್ಲಿ ಕುರಿ ಕಾಯಲು, ಕಳೆ ಕೀಳಲು ಹೋದ ಮಕ್ಕಳ ಕಥೆಯೂ ಇದಕ್ಕಿಂತ ಭಿನ್ನವಲ್ಲ. ಇನ್ನು ಅಂದಿನ ಅರವತ್ತರಲ್ಲಿ ಸೇರದ ಹೆಣ್ಣುಮಕ್ಕಳು ಶಾಲೆಯ ಬಾಗಿಲನ್ನೇ ಕಂಡವರಲ್ಲ.

ಕ್ಯಾಂಬೆಲ್ ಇನ್ನೊಂದು ಕೊರತೆಯನ್ನೂ ಗುರುತಿಸಿದರು. ಮಕ್ಕಳು ಬಾಯಿಪಾಠ ಮಾಡುತ್ತಿದ್ದ ಪದ್ಯಗಳ ಭಾಷೆ ಆಡುಮಾತಿಗೆ ದೂರವಾದದ್ದು; ಅರ್ಥವಾಗದೆ ಗಿಳಿಪಾಠವಾಗುತ್ತಿತ್ತು. ಬಳಕೆಗೆ ಬಾರದ ಅಕ್ಷರ ಬೇಗ ಮರೆತುಹೋಗುತ್ತದೆ. “ನನ್ನ ನೆನಪಿನ ಶಕ್ತಿ ಸಾಲದು” ಎಂದು ವಯಸ್ಕರು ಹೇಳಿಕೊಳ್ಳುವುದು ಈ ಕಾರಣಕ್ಕಾಗಿ ನಂಬತಕ್ಕ ಮಾತಲ್ಲ. ಓದು ಬರೆಹ ತಿಳಿಯದೆಯೂ ಇಡೀ ಬಯಲಾಟದ ಪಾತ್ರವನ್ನು ಕಂಠಸ್ಥ ಮಾಡಿಕೊಂಡವರ ನಾಡಿದು. ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ನುಡಿದ ಒಂದು ಸಾಲಿನ ಕಾರಣಿಕವನ್ನು ಕಿವಿಯಲ್ಲೇ ಹೊತ್ತೊಯ್ದು ಅರ್ಥ ಬಿಡಿಸುವ ಜನ ಇವರು. ಇವರಿಗೆ ನೆನಪಿನ ಕೊರತೆಯಿಲ್ಲ. ಕೊರತೆಯಿದ್ದುದು ಕಲಿತ ಅಕ್ಷರಕ್ಕೆ ಕೆಲಸ.

ಮೈಸೂರು ಸಂಸ್ಥಾನದಲ್ಲಿ 1940ರ ದಶಕದಲ್ಲಿ ಹುಟ್ಟಿದ ವಯಸ್ಕರ ಶಿಕ್ಷಣ ಸಮಿತಿ ಈ ಮರ್ಮವನ್ನು ಅರಿತಿತ್ತು. ಹೊಸದಾಗಿ ಓದಲು ಕಲಿತವರಿಗೆಂದೇ ‘ಬೆಳಕು’ ಎಂಬ ಪತ್ರಿಕೆಯನ್ನು ಅದು ಹೊರಡಿಸಿತು. ಕೂಡ್ಲಿಗಿಯಾದರೋ ಆಗ ಮದರಾಸಿಗೆ ಸೇರಿತ್ತು. ಮೈಸೂರಿನ ತೆಕ್ಕೆಗೆ ಬಂದದ್ದು 1953ರ ಅಕ್ಟೋಬರ್ 1ರಂದು. ಮುಂದೆ 1978ರ ಅಕ್ಟೋಬರ್ 2ರಂದು ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ ಆರಂಭವಾಯಿತು. 15ರಿಂದ 35 ವಯಸ್ಸಿನ ಹತ್ತು ಕೋಟಿ ಜನರಿಗೆ ಐದು ವರ್ಷಗಳಲ್ಲಿ ಅಕ್ಷರ ಕಲಿಸುವ ಹಂಬಲ ಅದರದು, ಗುರಿ ಮುಟ್ಟಲಿಲ್ಲ. 1988ರಲ್ಲಿ ಸಾಕ್ಷರತಾ ಮಿಷನ್ ಬಂತು. ಊರಿನ ಓದಿದ ಹುಡುಗ ಹುಡುಗಿಯರೇ ಸಂಬಳವಿಲ್ಲದೆ ಕಲಿಸಲು ಮುಂದೆ ಬಂದರು. ಕಲಿತದ್ದು ಮರೆಯಬಾರದೆಂದು ಸಾಕ್ಷರೋತ್ತರ ಕಾರ್ಯಕ್ರಮವನ್ನೂ ಜೋಡಿಸಿದರು. 2011ರ ಜನಗಣತಿಯ ಹೊತ್ತಿಗೆ ಅವಿಭಜಿತ ಬಳ್ಳಾರಿ ಜಿಲ್ಲೆಯಲ್ಲಿ ನೂರಕ್ಕೆ 67 ಮಂದಿ ಅಕ್ಷರಸ್ಥರಾಗಿದ್ದರು. ಹೆಂಗಸರಲ್ಲಿ ಮಾತ್ರ 58.

ಉಳಿದವರನ್ನು ಶಾಲೆಗೆ ಕರೆಯುವಾಗ ಕರೆಯುವವರ ಧ್ವನಿಯಲ್ಲಿ ಉಪಕಾರದ ಠೀವಿ ಇರಬಾರದು. ಸಾಲ ತೀರಿಸುವವನು ಸಾಲ ಕೊಟ್ಟವನ ಮುಂದೆ ತಲೆಯೆತ್ತಿ ಉಪದೇಶ ಮಾಡುವುದುಂಟೆ? ಅವರ ಬಾಲ್ಯದ ದುಡಿಮೆಯಲ್ಲಿ ಬೆಳೆದ ಜೋಳವನ್ನು, ಶೇಂಗಾವನ್ನು ಉಂಡವರು ನಾವು. ಪಾಠದ ವೇಳೆ ಅವರ ಕೆಲಸ ಮುಗಿದ ಮೇಲಿರಲಿ. ಮೊದಲ ಪಾಠ ಅವರ ಮಾತಿನಲ್ಲಿ, ಅವರ ಪಹಣಿ, ಕೂಲಿಯ ಲೆಕ್ಕಗಳಲ್ಲಿ ಇರಲಿ. ತಪ್ಪಿದಾಗ ನಗುವವರು ಯಾರೂ ಇಲ್ಲದಿರಲಿ.

ಹಳೆಯ ಶಾಲೆಯ ಕಟ್ಟಳೆಯಲ್ಲಿ ಮೊದಲು ಬಂದವನಿಗೆ ಸರಸ್ವತಿ, ಕೊನೆಗೆ ಬಂದವನಿಗೆ ಬೆತ್ತ. ಐವತ್ತು ವರ್ಷದ ದುಡಿಮೆಯಿಂದ ಒರಟಾದ ಅಂಗೈಯನ್ನು ಚಾಚಿ ಈ ಹೊತ್ತು ಬಾಗಿಲಲ್ಲಿ ನಿಂತವಳ ಮಟ್ಟಿಗಾದರೂ ಆ ಕಟ್ಟಳೆಯನ್ನು ತಿರುವಿ ಹಾಕೋಣ.