ಗ್ಯಾರೆಟ್ ಪಾದ್ರಿಯ ಮನೆ, ಹತ್ತು ವರ್ಷದ ದೊರೆ

ದೆಹಲಿಯ ದ್ವಾರಕಾದ ಸೊಸೈಟಿ ಫ್ಲ್ಯಾಟುಗಳಲ್ಲಿ ಮನೆಯ ಹೊರಗೋಡೆ ಯಾರೊಬ್ಬರದೂ ಅಲ್ಲ. ಯಾವ ಬಣ್ಣ ಬಳಿಯಬೇಕು, ಬಾಲ್ಕನಿಗೆ ಗ್ರಿಲ್ ಹಾಕಿಸಬಹುದೇ ಎಂಬುದೆಲ್ಲ ಮೀಟಿಂಗಿನಲ್ಲಿ ತೀರ್ಮಾನವಾಗಬೇಕಾದ ಮಾತು. ಬಾಗಿಲು ದಾಟಿ ಒಳಗೆ ಬಂದರೆ ಮಾತ್ರ ಕಥೆ ಬೇರೆ. ಒಂದು ಮನೆಯಲ್ಲಿ ಫಾಲ್ಸ್ ಸೀಲಿಂಗಿನೊಳಗೆ ಬಚ್ಚಿಟ್ಟ ದೀಪಗಳು. ಎದುರು ಮನೆಯಲ್ಲಿ ಊರಿಂದ ರೈಲಿನಲ್ಲಿ ತಂದ ಚನ್ನಪಟ್ಟಣದ ಬೊಂಬೆ, ಬಾಗಿಲಿಗೆ ತೋರಣ, ಹಾಲಿನ ಮೂಲೆಯಲ್ಲೇ ಒಂದು ದೇವರ ಮಂಟಪ. ಇನ್ನೊಬ್ಬರು ಕಟ್ಟಿಸಿದ ಗೋಡೆಯೊಳಗೆ ತಮ್ಮ ಮನೆ ಮಾಡಿಕೊಳ್ಳುವ ಈ ಕೆಲಸ ಹೊಸದೇನಲ್ಲ. ಕನ್ನಡ ನಾಡಿನಲ್ಲಿ ಅದಕ್ಕೆ ಸಿಗುವ ದೊಡ್ಡ ಉದಾಹರಣೆ ಒಂದು ಅರಮನೆ. ಅದೂ ಅರಸರಿಗಾಗಿ ಕಟ್ಟಲು ಶುರುಮಾಡಿದ್ದಲ್ಲ.

ಬೆಂಗಳೂರು ಅರಮನೆಯ ಬಗ್ಗೆ ಊರಲ್ಲಿ ಚಾಲ್ತಿಯಲ್ಲಿರುವ ಕಥೆ ಎಂದರೆ, ಮಹಾರಾಜರು ಇಂಗ್ಲೆಂಡಿನ ವಿಂಡ್ಸರ್ ಕೋಟೆಯನ್ನು ನೋಡಿ ಮರುಳಾಗಿ ಅಂಥದ್ದೇ ಒಂದನ್ನು ಇಲ್ಲಿ ಕಟ್ಟಿಸಿದರು ಎಂಬುದು. ಕಥೆ ಚೆನ್ನಾಗಿದೆ, ವರ್ಷಗಳು ಮಾತ್ರ ಹೊಂದುವುದಿಲ್ಲ. ಕಟ್ಟಡ ಶುರುವಾದದ್ದು 1860ರ ದಶಕದಲ್ಲಿ, ರೆವರೆಂಡ್ ಜೆ. ಗ್ಯಾರೆಟ್ ಎಂಬ ಪಾದ್ರಿಯ ಕೈಯಲ್ಲಿ. ಅರಮನೆಗೆ ಒಡೆಯರಾದ ಚಾಮರಾಜೇಂದ್ರ ಒಡೆಯರ್ ಹುಟ್ಟಿದ್ದು 1863ರಲ್ಲಿ. ಇನ್ನು ವಿಂಡ್ಸರಿನ ಇಂದಿನ ಬುರುಜು, ಕೊತ್ತಳಗಳ ನೋಟದಲ್ಲಿ ಬಹುಪಾಲು 1820ರ ದಶಕದಲ್ಲಿ ವಾಸ್ತುಶಿಲ್ಪಿ ಜೆಫ್ರಿ ವ್ಯಾಟ್‌ವಿಲ್ ಮಾಡಿದ್ದು. ಅಂದರೆ ಮೂಲ ಎಂದು ಹೇಳುವುದೇ ಹಳೆಯದರ ಒಂದು ಹೊಸ ವೇಷ.

ಗ್ಯಾರೆಟ್ ಪಾದ್ರಿ ಸಣ್ಣ ಆಸಾಮಿಯಲ್ಲ. ವೆಸ್ಲಿಯನ್ ಮಿಷನ್ನಿನವರು, ಬೆಂಗಳೂರಿನ ಮಿಷನ್ ಮುದ್ರಣಾಲಯದಿಂದ 1849ರಲ್ಲಿ ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರನ್ನೂ ಅಕ್ಕಪಕ್ಕ ಇಟ್ಟು ಭಗವದ್ಗೀತೆಯನ್ನು ಅಚ್ಚು ಹಾಕಿಸಿದವರು. 1858ರಲ್ಲಿ ಶುರುವಾದ ಸೆಂಟ್ರಲ್ ಹೈಸ್ಕೂಲಿಗೆ, ಅಂದರೆ ಮುಂದಿನ ಸೆಂಟ್ರಲ್ ಕಾಲೇಜಿಗೆ, ಮೊದಲ ಪ್ರಿನ್ಸಿಪಾಲರು. ಪಾದ್ರಿಯಾಗಿ ಬಂದು ಗೀತೆ ಅಚ್ಚುಹಾಕಿಸಿದವರು ತಮ್ಮ ಮನೆಗೆ ಮಾತ್ರ ಇಂಗ್ಲೆಂಡಿನ ಹಳೆಯ ರೂಪವನ್ನೇ ಆರಿಸಿಕೊಂಡರು.

ಆ ರೂಪಕ್ಕೆ ಟ್ಯೂಡರ್ ಎಂದು ಹೆಸರು. ಟ್ಯೂಡರ್ ವಂಶ ಇಂಗ್ಲೆಂಡನ್ನು ಆಳಿದ್ದು 1485ರಿಂದ 1603ರವರೆಗೆ. ಆಗಿನ ಸಾಮಾನ್ಯರ ಮನೆಗಳ ಕಟ್ಟೋಣ ಮಲೆನಾಡಿನವರಿಗೆ ಅಪರಿಚಿತ ಎನಿಸಲಾರದು. ದಪ್ಪ ಓಕ್ ಮರದ ತೊಲೆ ಕಂಬಗಳ ಚೌಕಟ್ಟು ಎಬ್ಬಿಸಿ, ನಡುವಿನ ಖಾಲಿಗೆ ಕಡ್ಡಿಯ ತಡಿಕೆ ಹೆಣೆದು, ಅದರ ಮೇಲೆ ಮಣ್ಣು, ಹುಲ್ಲು, ಸಗಣಿ ಕಲಸಿ ಮೆತ್ತುತ್ತಿದ್ದರು. ಬಿದಿರಿನ ತಟ್ಟಿಗೆ ಮಣ್ಣು ಮೆತ್ತಿದ ನಮ್ಮ ಗೋಡೆಗೂ ಅದಕ್ಕೂ ಇರುವ ವ್ಯತ್ಯಾಸ ಮರದ ಜಾತಿಯದ್ದು ಅಷ್ಟೇ ಎನ್ನಬಹುದು. ಭಾರ ಹೊರುತ್ತಿದ್ದದ್ದು ಮರ. ಅದು ಹೊರಗೆ ಕಾಣುತ್ತಿದ್ದದ್ದು ಅಂದಕ್ಕಾಗಿ ಅಲ್ಲ, ಮುಚ್ಚುವ ಅಗತ್ಯ ಇರಲಿಲ್ಲವೆಂದು. ಈಗ ಟ್ಯೂಡರ್ ಎಂದೊಡನೆ ಕಣ್ಣಿಗೆ ಬರುವ ಕಪ್ಪು ಪಟ್ಟಿ, ಬಿಳಿ ಗೋಡೆಯ ಜೋಡಿ ಹೆಚ್ಚಾಗಿ ವಿಕ್ಟೋರಿಯಾ ಕಾಲದವರ ಅಲಂಕಾರ. ಹಳೆಯ ಮನೆಗಳಲ್ಲಿ ಎಷ್ಟೋ ಕಡೆ ಮರವನ್ನು ಬಣ್ಣವಿಲ್ಲದೆ ಬೂದು ತಿರುಗಲು ಬಿಡುತ್ತಿದ್ದರು, ಇಲ್ಲವೇ ಗೋಡೆಯ ಜೊತೆಗೆ ಅದಕ್ಕೂ ಸುಣ್ಣ ಹೊಡೆಯುತ್ತಿದ್ದರು.

ಹತ್ತೊಂಬತ್ತನೇ ಶತಮಾನದಲ್ಲಿ, ಕಾರ್ಖಾನೆಯ ಹೊಗೆಯಿಂದ ಬೇಸತ್ತ ಇಂಗ್ಲೆಂಡಿನ ಉಳ್ಳವರು ಈ ಹಳೆಯ ರೂಪವನ್ನು ಮತ್ತೆ ಹಿಡಿದರು. ಸಾಮ್ರಾಜ್ಯದ ಜೊತೆ ಅದು ಭಾರತಕ್ಕೂ ಬಂತು. ಶಿಮ್ಲಾ ಅಂತೂ ಅದರಿಂದ ತುಂಬಿಹೋಯಿತು. 1972ರಲ್ಲಿ ಇಂದಿರಾ ಗಾಂಧಿ ಮತ್ತು ಭುಟ್ಟೋ ಸಹಿ ಹಾಕಿದ ಬಾರ್ನ್ಸ್ ಕೋರ್ಟ್ ಹೀಗೆ ಮರದ ಪಟ್ಟಿಗಳ ಟ್ಯೂಡರ್ ಮಾದರಿಯ ಮನೆ. 1888ರ ವೈಸರಾಯ್ ನಿವಾಸ ಎಲಿಜಬೆತ್ ಕಾಲದ ನೆರಳಿನದು. ಅದನ್ನು ರೂಪಿಸಿದ ಹೆನ್ರಿ ಇರ್ವಿನ್‌ರನ್ನೇ ಮುಂದೆ, 1897ರಲ್ಲಿ ಮೈಸೂರಿನ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾದಾಗ, ಹೊಸದಕ್ಕೆ ನಕ್ಷೆ ಬರೆಯಲು ಕರೆಸಿದ್ದು. ಒಬ್ಬನೇ ಮನುಷ್ಯ ವೈಸರಾಯರಿಗೆ ಇಂಗ್ಲೆಂಡನ್ನೂ ಮಹಾರಾಜರಿಗೆ ಗೋಪುರ, ಗುಮ್ಮಟಗಳನ್ನೂ ಬರೆದುಕೊಟ್ಟ.

ಬೆಂಗಳೂರಿನ ಮನೆ ಕೈಬದಲಾದದ್ದು 1873ರಲ್ಲಿ. ಮೈಸೂರು ಆಗ 1831ರಿಂದಲೂ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರ್ 1868ರಲ್ಲಿ ತೀರಿಕೊಂಡಾಗ ಪಟ್ಟಕ್ಕೆ ಕೂತದ್ದು ಅವರ ದತ್ತುಮಗ, ಐದು ವರ್ಷದ ಚಾಮರಾಜೇಂದ್ರ. ದೊರೆ ದೊಡ್ಡವನಾದ ಮೇಲೆ ರಾಜ್ಯವನ್ನು ಮರಳಿಸುವುದೆಂದು ಬ್ರಿಟಿಷರು ಒಪ್ಪಿದ್ದರು. ಆದರೆ ದೊಡ್ಡವನಾಗುವುದು ಹೇಗೆ ಎಂಬುದು ಅವರ ಕೈಯಲ್ಲಿತ್ತು. 1869ರಲ್ಲಿ ಇತಿಹಾಸಕಾರನೂ ಆಗಿದ್ದ ಕರ್ನಲ್ ಮ್ಯಾಲೆಸನ್‌ನನ್ನು ಹುಡುಗನಿಗೆ ಪಾಲಕನಾಗಿ ನೇಮಿಸಿದರು. ಆಡಳಿತ ಕಲಿಯುವ ಹುಡುಗ ಬೆಂಗಳೂರಿನಲ್ಲಿರುವಾಗ ಇಳಿದುಕೊಳ್ಳಲು ಒಂದು ಮನೆ ಬೇಕು ಎಂದು ಗ್ಯಾರೆಟ್‌ರ ಆಸ್ತಿಯನ್ನು 40,000 ರೂಪಾಯಿಗೆ ಕೊಂಡರು. ಹಣ ಮಹಾರಾಜರ ಸ್ವಂತದ್ದು, ಆಯ್ಕೆ ಪಾಲಕರದ್ದು. ಹತ್ತು ವರ್ಷದ ಹುಡುಗನನ್ನು ಯಾರೂ ಕೇಳಿರಲಾರರು.

ಒಂದು ಮನೆ ಅದರಲ್ಲಿರುವವರನ್ನು ತಿದ್ದುತ್ತದೆ ಎಂಬ ನಂಬಿಕೆ ಆ ಕಾಲದ ಇಂಗ್ಲಿಷರಲ್ಲಿ ಗಟ್ಟಿಯಾಗಿತ್ತು. ಮೇಜಿನ ಮುಂದೆ ಕುರ್ಚಿ ಎಳೆದು ಕೂರುವುದು, ಮಲಗುವುದಕ್ಕೊಂದು, ಓದುವುದಕ್ಕೊಂದು ಕೋಣೆ, ಗಂಟೆಯ ಲೆಕ್ಕಕ್ಕೆ ಊಟ. ಮೈಸೂರಿನ ತೊಟ್ಟಿಗಳ, ಕಂಬಸಾಲುಗಳ, ಹತ್ತಾರು ಜನ ಸದಾ ಓಡಾಡುವ ಅರಮನೆಗಿಂತ ಇದು ಪೂರಾ ಬೇರೆ ಶಾಲೆ.

1878ರಿಂದಾಚೆಗೆ ಒಳಗಿನ ಕೆಲಸ ಜೋರಾಗಿ ನಡೆಯಿತು. 1881ರ ಮಾರ್ಚಿನಲ್ಲಿ ಚಾಮರಾಜೇಂದ್ರರಿಗೆ ರಾಜ್ಯ ಮರಳಿ ಬಂತು. ಮನೆಯೂ ನಿಧಾನಕ್ಕೆ ಒಡೆಯರ ಮನೆಯಾಯಿತು. ಹೊರಗೆ ಗ್ರಾನೈಟಿನ ಗೋಡೆ, ಬುರುಜು, ಕೋಟೆಯ ತೆನೆಗಳು, ಗೋಡೆಗೆ ಹಬ್ಬಿದ ಬಳ್ಳಿ. ಇದೆಲ್ಲ ಹಾಗೇ ಉಳಿಯಿತು. ಒಳಗಿನದು ಮಾತ್ರ ಒಂದು ಶೈಲಿಗೆ ಸಿಕ್ಕುವಂಥದ್ದಲ್ಲ. ಇಂಗ್ಲೆಂಡಿನಿಂದ ತರಿಸಿದ ಬಣ್ಣದ ಗಾಜು, ಕನ್ನಡಿ. ಜಾನ್ ರಾಬರ್ಟ್ಸ್, ಲಾಜರಸ್ ಕಂಪನಿಗಳಿಂದ ಬಂದ ಮೇಜು ಕುರ್ಚಿ. ಚಾವಣಿಯಲ್ಲಿ ಉಬ್ಬುಚಿತ್ರಗಳು, ಮರದ ಮೇಲೆ ಹೂಬಳ್ಳಿಯ ಕೆತ್ತನೆ, ಗೋಡೆಗೆ ರವಿವರ್ಮನ ಚಿತ್ರಗಳು. ಆಮೇಲೆ ಬಂದವು ಲಿಫ್ಟ್, ಜನರಲ್ ಎಲೆಕ್ಟ್ರಿಕ್ ಕಂಪನಿಯ ಮರದ ರೆಕ್ಕೆಯ ಫ್ಯಾನುಗಳು. ಹಳೆಯ ರೂಪದ ಮನೆಯಲ್ಲಿ ಇವು ಆ ಕಾಲದ ಹೊಚ್ಚಹೊಸ ಸಾಮಾನು.

ಇಷ್ಟರಲ್ಲಿ ನಿಂತು ನೋಡಬೇಕಾದವು ಎರಡು. ಒಂದು, ಕೆಳಗಿನ ತೆರೆದ ಅಂಗಳ. ಟ್ಯೂಡರ್ ಮನೆಗೂ ಅಂಗಳವಿರಬಹುದು. ಆದರೆ ಇಲ್ಲಿ ಕಂಬಗಳ ನಡುವೆ ಕಲ್ಲಿನ ಜಗಲಿಗಳಿಗೆ ಕಣ್ಣು ಕೋರೈಸುವ ನೀಲಿ ಹೆಂಚು ಹೊದಿಸಿ ಕೂರುವ ಜಾಗ ಮಾಡಿದ್ದಾರೆ. ಗಾಳಿಗೆ ಬಂದು ಕಾಲು ಇಳಿಬಿಟ್ಟು ಕೂತು ಮಾತಾಡುವವರಿಗಾಗಿ ಮಾಡಿದ್ದು ಎಂದು ನೋಡಿದರೇ ಗೊತ್ತಾಗುತ್ತದೆ. ಎರಡನೆಯದು ಮಹಡಿಯ ದರ್ಬಾರ್ ಹಾಲ್. ಮೆಟ್ಟಿಲೇರಿ ಹೋದರೆ ಆನೆಯ ತಲೆಯೊಂದು ಎದುರಾಗುತ್ತದೆ. ಹಾಲಿನ ಒಂದು ಬದಿಗೆ ಮರೆ ಕಟ್ಟಿದೆ. ಅದರ ಹಿಂದೆ ಕೂತು ಅರಮನೆಯ ಹೆಂಗಸರು ಸಭೆಯನ್ನು ನೋಡುತ್ತಿದ್ದರು. ಗ್ಯಾರೆಟ್ ಪಾದ್ರಿಯ ಸಂಸಾರಕ್ಕೆ ಇಂಥ ಮರೆ ಬೇಕಿರಲಿಲ್ಲ. ಮನೆಯ ಹೊರಚಹರೆ ಇಂಗ್ಲೆಂಡಿನದ್ದಾದರೂ ಯಾರು ಯಾರಿಗೆ ಕಾಣಬೇಕು, ಕಾಣಬಾರದು ಎಂಬ ಲೆಕ್ಕ ಮೈಸೂರಿನದ್ದೇ ಉಳಿಯಿತು ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆ ಮರೆಯನ್ನು ಹೆಂಗಸರ ಅಧಿಕಾರಹೀನತೆಯ ಗುರುತು ಎಂದುಬಿಡುವುದೂ ಅವಸರವಾದೀತು. 1894ರ ಡಿಸೆಂಬರಿನಲ್ಲಿ ಚಾಮರಾಜೇಂದ್ರರು ಕಲ್ಕತ್ತೆಯಲ್ಲಿ ಡಿಫ್ತೀರಿಯಾದಿಂದ ತೀರಿಕೊಂಡರು, 31ರ ವಯಸ್ಸಿಗೆ. ಪಟ್ಟಕ್ಕೆ ಮತ್ತೆ ಹತ್ತು ವರ್ಷದ ಹುಡುಗ. ಈ ಸಲ ಅವನ ಪರವಾಗಿ ರಾಜ್ಯಭಾರ ಮಾಡಿದ್ದು ಕರ್ನಲ್ ಯಾರೂ ಅಲ್ಲ, ತಾಯಿ ಕೆಂಪನಂಜಮ್ಮಣ್ಣಿಯವರು.

ಅರಮನೆ ಏನು ಮಾಡಿತೋ ಅದನ್ನೇ ಸಣ್ಣ ಅಳತೆಯಲ್ಲಿ ಬೆಂಗಳೂರಿನ ಗುಮಾಸ್ತರು, ವಕೀಲರು, ಮೇಷ್ಟರುಗಳೂ ಮಾಡಿದರು. 1809ರಿಂದ ಬೆಳೆದ ದಂಡಿನ ಬಂಗಲೆಗಳಿಗೆ ಮಂಕಿ ಟಾಪ್ ಎಂಬ ಅಲಂಕಾರವಿತ್ತು: ಕಿಟಕಿಯ, ಮುಂಬಾಗಿಲಿನ ಮೇಲೆ ಚೂಪಾಗಿ ಏಳುವ ಮರದ ಕುಲಾವಿ, ಅದರಿಂದ ಕೆಳಗಿಳಿಯುವ ಸಣ್ಣ ಪಟ್ಟಿಗಳು. ಇದು ಶುದ್ಧ ಟ್ಯೂಡರ್ ಅಲ್ಲ, ಗಾಥಿಕ್ ಮತ್ತು ಹಳ್ಳಿಮನೆಯ ಕಲಬೆರಕೆ. ಆದರೆ ಅದೇ ಇಂಗ್ಲಿಷ್ ಹಂಬಲದ ಕೂಸು. ಬಿಸಿಲು, ಎರಚಲು ಎರಡನ್ನೂ ತಡೆಯುವುದರಿಂದ ಇಲ್ಲಿ ಅದು ಕೆಲಸಕ್ಕೂ ಬಂತು. 1890ರ ದಶಕದಲ್ಲಿ ರೂಪುಗೊಂಡು 1898ರ ಪ್ಲೇಗಿನ ನಂತರ ತುಂಬತೊಡಗಿದ ಮಲ್ಲೇಶ್ವರ, ಬಸವನಗುಡಿಗಳಲ್ಲಿ ಕಟ್ಟಿದ ಮನೆಗಳ ಮುಖಕ್ಕೆ ಈ ಕುಲಾವಿಯೇ ಬಂದು ಕೂತಿತು. ಮೇಲೆ ಮಂಗಳೂರು ಹೆಂಚು, ಒಳಗೆ ಕೆಂಪಗೆ ಹೊಳೆಯುವ ರೆಡ್ ಆಕ್ಸೈಡ್ ನೆಲ. ನಡುಮನೆ, ದೇವರಮನೆ, ಅಡಿಗೆಮನೆಯ ಆಚೆ ಬಚ್ಚಲಿನ ಹಂಡೆ, ಹಿತ್ತಲಲ್ಲಿ ತುಳಸಿಕಟ್ಟೆ. ಬೀದಿಗೆ ಕಾಣುವ ವರಾಂಡದಲ್ಲಿ ಬೆತ್ತದ ಕುರ್ಚಿ. ಒಳಗೆ ಊಟಕ್ಕೆ ಮಣೆ.

ಅವುಗಳಲ್ಲಿ ಹೆಚ್ಚಿನವು ಈಗಿಲ್ಲ. ಆಸ್ತಿ ಪಾಲಾದಾಗ ಒಂದು ಬಂಗಲೆಯನ್ನು ಮೂವರು ಅಣ್ಣತಮ್ಮಂದಿರು ಹಂಚಿಕೊಳ್ಳಲಾಗುವುದಿಲ್ಲ, ಅದೇ ನಿವೇಶನದ ಮೇಲೆ ಎದ್ದ ಫ್ಲ್ಯಾಟುಗಳನ್ನಾದರೆ ಹಂಚಿಕೊಳ್ಳಬಹುದು. ಕುಲಾವಿಗಳು ಹಳೆ ಮರದ ಸಾಮಾನಿನ ಅಂಗಡಿ ಸೇರಿ, ಅಲ್ಲಿಂದ ಯಾರದೋ ಹೊಸ ಮನೆಯ ಗೋಡೆಗೆ ಅಲಂಕಾರವಾಗಿ ಹೋದವು. ಊರಾಚೆಯ ಹೊಸ ವಿಲ್ಲಾಗಳಲ್ಲಿ ಟ್ಯೂಡರ್ ಮತ್ತೆ ಬಂದಿದೆ. ಕಾಂಕ್ರೀಟ್ ಗೋಡೆಯ ಮೇಲೆ ಕಂದು ಬಣ್ಣದ ಸಿಮೆಂಟ್ ಪಟ್ಟಿ, ಏನನ್ನೂ ಹೊರದ ತೊಲೆಗಳು. ನಗು ಬರುತ್ತದೆ ನಿಜ, ಆದರೆ ಗ್ಯಾರೆಟ್‌ರ ಬುರುಜುಗಳೂ ಯಾವ ಶತ್ರುವನ್ನೂ ತಡೆಯಲು ಕಟ್ಟಿದವಲ್ಲ.

ಅರಮನೆ ಮಾತ್ರ ನಿಂತಿದೆ, ಸುತ್ತಲಿನ 450 ಎಕರೆಗೂ ಮಿಕ್ಕಿದ ನೆಲದ ಜಗಳದ ನಡುವೆ. ಅದನ್ನು ಸ್ವಾಧೀನಪಡಿಸಿಕೊಳ್ಳಲು ರಾಜ್ಯ ಸರ್ಕಾರ 1996ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ಮಾಡಿತು. ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. 1873ರಲ್ಲಿ ಹುಡುಗನನ್ನು ಕೇಳದೆ ಅವನ ದುಡ್ಡಿನಲ್ಲಿ ಕೊಂಡ ಮನೆಯನ್ನು ಅವನ ವಂಶದವರು ಬಿಟ್ಟುಕೊಡಲು ಒಪ್ಪಲಿಲ್ಲ. ಮೊಮ್ಮಗನ ಮಗ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ತಮ್ಮ ಕಾಲದಲ್ಲೇ ಅದನ್ನು ದುರಸ್ತಿ ಮಾಡಿಸಿ ಜನರಿಗೆ ತೆರೆದರು. 2013ರ ಡಿಸೆಂಬರಿನಲ್ಲಿ ಅವರು ತೀರಿಕೊಂಡದ್ದೂ ಬೆಂಗಳೂರಿನಲ್ಲೇ. ಈಗ ಟಿಕೆಟ್ ಕೊಂಡು ಬಂದವರು ದರ್ಬಾರ್ ಹಾಲಿನ ಮರೆಯ ಎರಡೂ ಬದಿಗೆ ಓಡಾಡುತ್ತಾರೆ. ಆಮೇಲೆ ಕೆಳಗಿಳಿದು ನೀಲಿ ಹೆಂಚಿನ ಜಗಲಿಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ.