ಪಿಂಗ್ (ಜಾಲ ಪರೀಕ್ಷಾ ತಂತ್ರಾಂಶ)

'''ಪಿಂಗ್''' ಎಂಬುದು ಒಂದು ಗಣಕಯಂತ್ರದಿಂದ ಜಾಲದಲ್ಲಿರುವ ಮತ್ತೊಂದು ಯಂತ್ರವನ್ನು ತಲುಪಲು ಸಾಧ್ಯವೇ, ಸಾಧ್ಯವಿದ್ದರೆ ಸಂದೇಶವೊಂದು ಹೋಗಿ ಮರಳಲು ಎಷ್ಟು ಕಾಲ ಹಿಡಿಯುತ್ತದೆ ಎಂಬುದನ್ನು ಪರೀಕ್ಷಿಸುವ ಕಮಾಂಡ್ ಲೈನ್ ತಂತ್ರಾಂಶ. ಅಮೆರಿಕದ ಮೈಕ್ ಮೂಸ್ ಇದನ್ನು 1983ರ ಡಿಸೆಂಬರ್ ತಿಂಗಳಿನಲ್ಲಿ ಯುನಿಕ್ಸ್ ವ್ಯವಸ್ಥೆಗಾಗಿ ರಚಿಸಿದರು. ಇಂದು ಲಿನಕ್ಸ್, ವಿಂಡೋಸ್, ಮ್ಯಾಕ್ ಓಎಸ್ ಮುಂತಾದ ಕಾರ್ಯಾಚರಣಾ ವ್ಯವಸ್ಥೆಗಳಲ್ಲಿ ಇದು ಲಭ್ಯವಿದೆ. ಜಾಲ ಸಂಪರ್ಕ ಕೈಕೊಟ್ಟಾಗ ದೋಷ ಎಲ್ಲಿದೆಯೆಂದು ಹುಡುಕುವವರು ಸಾಮಾನ್ಯವಾಗಿ ಮೊದಲು ಬಳಸುವುದು ಪಿಂಗ್ ಅನ್ನೇ. ಆದರೆ ಅದು ನೀಡುವ ಉತ್ತರಕ್ಕೆ ಸೀಮಿತವಾದ ಅರ್ಥವಿದ್ದು, ಆ ಮಿತಿಯನ್ನು ಅರಿಯದೆ ಬಳಸಿದರೆ ತಪ್ಪು ತೀರ್ಮಾನಕ್ಕೆ ಬರುವ ಸಂಭವವಿದೆ.

== ಇತಿಹಾಸ ==

ಪಿಂಗ್ ಬಳಸುವ ಐಸಿಎಂಪಿ ಎಂಬ ನಿಯಮಾವಳಿಯನ್ನು ಜಾನ್ ಪೋಸ್ಟೆಲ್ ಅವರು 1981ರ ಸೆಪ್ಟೆಂಬರ್‌ನಲ್ಲಿ ಆರ್‌ಎಫ್‌ಸಿ 792 ಎಂಬ ದಾಖಲೆಯಲ್ಲಿ ನಿರೂಪಿಸಿದರು. ಜಾಲದಲ್ಲಿ ಉಂಟಾಗುವ ಅಡಚಣೆಗಳನ್ನು ಯಂತ್ರಗಳು ಪರಸ್ಪರ ತಿಳಿಸಿಕೊಳ್ಳುವುದಕ್ಕಾಗಿ ರೂಪಿಸಿದ ಈ ನಿಯಮಾವಳಿಯಲ್ಲಿ, ಕಳುಹಿಸಿದ ಸಂದೇಶವನ್ನು ಹಾಗೆಯೇ ಮರಳಿಸುವ ಪ್ರತಿಧ್ವನಿ ಸೌಲಭ್ಯವೂ ಸೇರಿತ್ತು.

ಮೈಕ್ ಮೂಸ್ ಆಗ ಮೇರಿಲ್ಯಾಂಡ್ ರಾಜ್ಯದ ಅಬರ್ಡೀನ್‌ನಲ್ಲಿದ್ದ ಅಮೆರಿಕ ಸೇನೆಯ ಬ್ಯಾಲಿಸ್ಟಿಕ್ ಸಂಶೋಧನಾ ಪ್ರಯೋಗಾಲಯದಲ್ಲಿದ್ದರು. 1983ರ ಜುಲೈನಲ್ಲಿ ನಾರ್ವೆಯಲ್ಲಿ ನಡೆದ ಸಭೆಯೊಂದರಲ್ಲಿ ಡೇವಿಡ್ ಮಿಲ್ಸ್ ಅವರು ಪ್ರತಿಧ್ವನಿ ಸಂದೇಶಗಳಿಂದ ಜಾಲದ ವಿಳಂಬವನ್ನು ಅಳೆದ ಬಗ್ಗೆ ಪ್ರಾಸಂಗಿಕವಾಗಿ ಹೇಳಿದ್ದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಪ್ರಯೋಗಾಲಯದ ಜಾಲ ವಿಚಿತ್ರವಾಗಿ ವರ್ತಿಸತೊಡಗಿದಾಗ ಮೂಸ್ ಆ ಮಾತನ್ನು ನೆನಪಿಸಿಕೊಂಡು ಒಂದೇ ರಾತ್ರಿಯಲ್ಲಿ ಸುಮಾರು ಸಾವಿರ ಸಾಲುಗಳ ಈ ತಂತ್ರಾಂಶವನ್ನು ಬರೆದರು. ಯುನಿಕ್ಸ್‌ನ ಕರ್ನಲ್‌ನಲ್ಲಿ ಇದಕ್ಕೆ ಅಗತ್ಯವಾದ ಬೆಂಬಲ ಇರಲಿಲ್ಲವಾದ್ದರಿಂದ ಅದನ್ನೂ ಅವರೇ ಬರೆಯಬೇಕಾಯಿತು. ಅವರು ಮೊದಲ ಸಂದೇಶವನ್ನು ಕಳುಹಿಸುವ ಮೊದಲೇ ಸಹೋದ್ಯೋಗಿಯೊಬ್ಬರು ಯಂತ್ರಾಂಶದ ದೋಷವನ್ನು ಪತ್ತೆಹಚ್ಚಿ ಸರಿಪಡಿಸಿದ್ದರು. ಹೀಗೆ ಯಾವ ತೊಂದರೆಗಾಗಿ ಪಿಂಗ್ ಹುಟ್ಟಿತೋ ಆ ತೊಂದರೆಯ ನಿವಾರಣೆಗೆ ಅದು ಬಳಕೆಯಾಗಲೇ ಇಲ್ಲ. ತಮ್ಮ ಬದುಕಿನಲ್ಲಿ ಇದೇ ಅತ್ಯಂತ ಪ್ರಸಿದ್ಧ ಸಾಧನೆಯಾಗುವುದೆಂದು ತಿಳಿದಿದ್ದರೆ ಇನ್ನೂ ಒಂದೆರಡು ದಿನ ಹೆಚ್ಚು ಶ್ರಮಿಸುತ್ತಿದ್ದೆನೆಂದು ಮೂಸ್ ಮುಂದೆ ವಿನೋದವಾಗಿ ಬರೆದುಕೊಂಡಿದ್ದಾರೆ.

ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು ಪಿಂಗ್ ಅನ್ನು ತನ್ನ ಯುನಿಕ್ಸ್ ಆವೃತ್ತಿಯಲ್ಲಿ ಸೇರಿಸಿಕೊಂಡಿತು. ಮೂಲಸಂಕೇತ ಉಚಿತವಾಗಿದ್ದುದರಿಂದ ಅದು ಇತರ ವ್ಯವಸ್ಥೆಗಳಿಗೂ ಹರಡಿತು. ಮೂಸ್ ಅವರು 2000ದ ನವೆಂಬರ್ 20ರಂದು ರಸ್ತೆ ಅಪಘಾತದಲ್ಲಿ ನಿಧನರಾದರು.

== ಹೆಸರಿನ ಮೂಲ ==

ಜಲಾಂತರ್ಗಾಮಿಗಳಲ್ಲಿ ಬಳಸುವ ಸೋನಾರ್ ಉಪಕರಣವು ನೀರಿನಲ್ಲಿ ಧ್ವನಿಯ ಮಿಡಿತವನ್ನು ಹೊರಡಿಸಿ, ಅದು ವಸ್ತುವಿಗೆ ಬಡಿದು ಮರಳುವ ಕಾಲದಿಂದ ದೂರವನ್ನು ಅಳೆಯುತ್ತದೆ. ವಿದ್ಯಾರ್ಥಿಯಾಗಿದ್ದಾಗ ಸೋನಾರ್ ಮತ್ತು ರಾಡಾರ್‌ಗಳ ಕುರಿತು ಕೆಲಸ ಮಾಡಿದ್ದ ಮೂಸ್, ಆ ಧ್ವನಿಯ ಅನುಕರಣೆಯಾಗಿ ಈ ಹೆಸರನ್ನಿಟ್ಟರು. ಇದು 'ಪ್ಯಾಕೆಟ್ ಇಂಟರ್‌ನೆಟ್ ಗ್ರೋಪರ್' ಎಂಬುದರ ಸಂಕ್ಷಿಪ್ತ ರೂಪವೆಂಬ ಹೇಳಿಕೆ ಪ್ರಚಾರದಲ್ಲಿದ್ದರೂ ಆ ವಿಸ್ತರಣೆಯನ್ನು ನೀಡಿದವರು ಡೇವಿಡ್ ಮಿಲ್ಸ್; ಹೆಸರಿಟ್ಟವರ ಉದ್ದೇಶ ಅದಾಗಿರಲಿಲ್ಲ.

== ಕಾರ್ಯವಿಧಾನ ==

ಪಿಂಗ್ ಗುರಿಯ ಯಂತ್ರಕ್ಕೆ 'ಪ್ರತಿಧ್ವನಿ ಕೋರಿಕೆ' ಎಂಬ ಪ್ಯಾಕೆಟ್ಟನ್ನು ಕಳುಹಿಸುತ್ತದೆ. ಅದನ್ನು ಪಡೆದ ಯಂತ್ರ ಅದೇ ಮಾಹಿತಿಯನ್ನೊಳಗೊಂಡ 'ಪ್ರತಿಧ್ವನಿ ಉತ್ತರ'ವನ್ನು ಮರಳಿಸುತ್ತದೆ. ಐಪಿ ನಾಲ್ಕನೆಯ ಆವೃತ್ತಿಯಲ್ಲಿ ಕೋರಿಕೆಯ ವಿಧಸಂಖ್ಯೆ 8, ಉತ್ತರದ್ದು 0; ಆರನೆಯ ಆವೃತ್ತಿಯಲ್ಲಿ ಅವು ಕ್ರಮವಾಗಿ 128 ಮತ್ತು 129. ಪ್ರತಿಯೊಂದು ಕೋರಿಕೆಗೂ ಕ್ರಮಸಂಖ್ಯೆ ಇರುವುದರಿಂದ ಯಾವುದಕ್ಕೆ ಉತ್ತರ ಬಂದಿದೆ, ಯಾವುದು ಕಳೆದುಹೋಗಿದೆ ಎಂಬುದು ತಿಳಿಯುತ್ತದೆ. ಹೊರಟ ಕ್ಷಣಕ್ಕೂ ಮರಳಿದ ಕ್ಷಣಕ್ಕೂ ನಡುವಿನ ಅಂತರವೇ ಹೋಗಿಬರುವ ಕಾಲ. ಇದನ್ನು ಮಿಲಿಸೆಕೆಂಡುಗಳಲ್ಲಿ ತೋರಿಸಲಾಗುತ್ತದೆ.

== ಬಳಕೆ ==

ಆದೇಶಗಳನ್ನು ರೋಮನ್ ಸಣ್ಣಕ್ಷರಗಳಲ್ಲಿಯೇ ಬೆರಳಚ್ಚಿಸಬೇಕು. ಈ ಲೇಖನದಲ್ಲಿ ಅವುಗಳನ್ನು ಕನ್ನಡ ಲಿಪಿಯಲ್ಲಿ ಕೊಡಲಾಗಿದೆ. ಪಿಂಗ್ ಎಂದು ಬರೆದು, ಒಂದು ಸ್ಥಳ ಬಿಟ್ಟು, ಗುರಿಯ ಯಂತ್ರದ ಹೆಸರನ್ನೋ ಸಂಖ್ಯಾ ವಿಳಾಸವನ್ನೋ ಕೊಟ್ಟರೆ ಪರೀಕ್ಷೆ ಆರಂಭವಾಗುತ್ತದೆ. ವಿಂಡೋಸ್‌ನಲ್ಲಿ ನಾಲ್ಕು ಕೋರಿಕೆಗಳ ನಂತರ ಅದು ತಾನಾಗಿ ನಿಲ್ಲುತ್ತದೆ. ಲಿನಕ್ಸ್ ಮತ್ತು ಮ್ಯಾಕ್‌ಗಳಲ್ಲಿ ಕಂಟ್ರೋಲ್ ಮತ್ತು ಸಿ ಕೀಲಿಗಳನ್ನು ಒಟ್ಟಿಗೆ ಒತ್ತುವವರೆಗೂ ಸೆಕೆಂಡಿಗೊಂದರಂತೆ ಮುಂದುವರಿಯುತ್ತದೆ.

* '''-ಸಿ''' (ಲಿನಕ್ಸ್, ಮ್ಯಾಕ್) ಹಾಗೂ '''-ಎನ್''' (ವಿಂಡೋಸ್): ಕಳುಹಿಸಬೇಕಾದ ಕೋರಿಕೆಗಳ ಸಂಖ್ಯೆ.
* '''-ಟಿ''' (ವಿಂಡೋಸ್): ನಿಲ್ಲಿಸುವವರೆಗೂ ಮುಂದುವರಿಸುವಿಕೆ.
* '''-ಎಸ್''' (ಲಿನಕ್ಸ್, ಮ್ಯಾಕ್) ಹಾಗೂ '''-ಎಲ್''' (ವಿಂಡೋಸ್): ಕಳುಹಿಸುವ ಮಾಹಿತಿಯ ಗಾತ್ರ. ಸೂಚಿಸದಿದ್ದರೆ ಮೊದಲಿನವುಗಳಲ್ಲಿ 56 ಬೈಟ್, ವಿಂಡೋಸ್‌ನಲ್ಲಿ 32 ಬೈಟ್.

ಸಂಪರ್ಕ ಕಡಿದಾಗ ಹತ್ತಿರದಿಂದ ದೂರಕ್ಕೆ ಸಾಗುವ ಕ್ರಮದಲ್ಲಿ ಪರೀಕ್ಷಿಸುವುದು ರೂಢಿ:

# '''127.0.0.1''' ವಿಳಾಸ: ಇದು ಸ್ವಂತ ಯಂತ್ರವನ್ನೇ ಸೂಚಿಸುತ್ತದೆ. ಉತ್ತರ ಬಾರದಿದ್ದರೆ ದೋಷ ಯಂತ್ರದೊಳಗಿನ ಜಾಲ ತಂತ್ರಾಂಶದಲ್ಲಿಯೇ ಇದೆ.
# ಮನೆಯ ಅಥವಾ ಕಚೇರಿಯ ರೌಟರ್: ಇದರ ವಿಳಾಸ ಅನೇಕ ಕಡೆ 192.168.1.1 ಎಂದಿರುತ್ತದೆ. ಉತ್ತರ ಬಾರದಿದ್ದರೆ ಮೊದಲು ಕೇಬಲ್ ಅಥವಾ ವೈಫೈ ಸಂಪರ್ಕವನ್ನು ನೋಡಬೇಕು.
# ಹೊರಗಿನ ಸಂಖ್ಯಾ ವಿಳಾಸ: ಉದಾಹರಣೆಗೆ ಗೂಗಲ್‌ನ ಸಾರ್ವಜನಿಕ ಸೇವೆಯ 8.8.8.8. ರೌಟರ್ ಉತ್ತರಿಸಿ ಇದು ಉತ್ತರಿಸದಿದ್ದರೆ ದೋಷ ರೌಟರಿನಿಂದಾಚೆಗೆ ಇರುವ ಸಾಧ್ಯತೆ ಹೆಚ್ಚು.
# ಜಾಲತಾಣವೊಂದರ ಹೆಸರು: ಸಂಖ್ಯೆಗೆ ಉತ್ತರ ಬಂದು, ಹೆಸರು ಕೊಟ್ಟಾಗ ಯಂತ್ರವೇ ಪತ್ತೆಯಾಗಲಿಲ್ಲವೆಂಬ ಸಂದೇಶ ಬಂದರೆ, ಸಂಪರ್ಕ ಸರಿಯಿದ್ದು ಹೆಸರನ್ನು ಸಂಖ್ಯೆಯಾಗಿ ಪರಿವರ್ತಿಸುವ ಡಿಎನ್‌ಎಸ್ ವ್ಯವಸ್ಥೆಯಲ್ಲಿ ತೊಂದರೆಯಿದೆ ಎಂದರ್ಥ.

== ಫಲಿತಾಂಶದ ವಿವರಣೆ ==

ಪ್ರತಿಯೊಂದು ಉತ್ತರದ ಸಾಲಿನಲ್ಲಿ ಗುರಿಯ ವಿಳಾಸ, ಟಿಟಿಎಲ್ ಹಾಗೂ ಹೋಗಿಬರುವ ಕಾಲ ಇರುತ್ತವೆ. ಕೊನೆಯಲ್ಲಿ ಕಳುಹಿಸಿದ ಮತ್ತು ಮರಳಿದ ಪ್ಯಾಕೆಟ್‌ಗಳ ಸಂಖ್ಯೆ, ನಷ್ಟದ ಪ್ರಮಾಣ, ಕನಿಷ್ಠ, ಸರಾಸರಿ ಮತ್ತು ಗರಿಷ್ಠ ಕಾಲಗಳ ಸಾರಾಂಶ ಬರುತ್ತದೆ.

ಹೋಗಿಬರುವ ಕಾಲಕ್ಕೆ ಭೌತಿಕವಾದ ಕನಿಷ್ಠ ಮಿತಿಯಿದೆ. ದ್ಯುತಿತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ವೇಗದಲ್ಲಿ ಚಲಿಸುವುದರಿಂದ, 1,000 ಕಿಲೋಮೀಟರ್ ಉದ್ದದ ತಂತಿಯಲ್ಲಿ ಹೋಗಿಬರಲು ಕನಿಷ್ಠ 10 ಮಿಲಿಸೆಕೆಂಡ್ ಬೇಕು. ಸುಮಾರು 36,000 ಕಿಲೋಮೀಟರ್ ಎತ್ತರದ ಭೂಸ್ಥಿರ ಉಪಗ್ರಹದ ಮೂಲಕವಾದರೆ ಕೋರಿಕೆಯೂ ಉತ್ತರವೂ ಮೇಲೇರಿ ಇಳಿಯಬೇಕಾಗಿ, ಅದು ಅರ್ಧ ಸೆಕೆಂಡಿನ ಸಮೀಪಕ್ಕೆ ಬರುತ್ತದೆ. ದುಬಾರಿ ಉಪಕರಣಗಳಿಂದಲೂ ಈ ವಿಳಂಬವನ್ನು ತಗ್ಗಿಸಲಾಗದು.

ಟಿಟಿಎಲ್ ಎಂಬುದು ಪ್ಯಾಕೆಟ್ ಜಾಲದಲ್ಲಿ ಕೊನೆಯಿಲ್ಲದೆ ಸುತ್ತದಂತೆ ತಡೆಯುವ ಎಣಿಕೆ. ದಾರಿಯಲ್ಲಿನ ಪ್ರತಿಯೊಂದು ರೌಟರ್ ಅದರಿಂದ ಒಂದನ್ನು ಕಳೆಯುತ್ತದೆ. ಲಿನಕ್ಸ್ ಯಂತ್ರಗಳು ಸಾಮಾನ್ಯವಾಗಿ 64ರಿಂದಲೂ ವಿಂಡೋಸ್ ಯಂತ್ರಗಳು 128ರಿಂದಲೂ ಆರಂಭಿಸುತ್ತವೆ. 64ರಿಂದ ಹೊರಟ ಉತ್ತರ 57 ಎಂದು ತೋರಿಸಿದರೆ ಅದು ಮರಳುವ ದಾರಿಯಲ್ಲಿ ಏಳು ರೌಟರ್‌ಗಳನ್ನು ದಾಟಿದೆ.

== ಮಿತಿಗಳು ==

ಪಿಂಗ್‌ಗೆ ಉತ್ತರ ಬಾರದಿದ್ದರೆ ಆ ಯಂತ್ರ ಕೆಟ್ಟಿದೆಯೆಂದು ಹೇಳಲಾಗದು. 1989ರ ಆರ್‌ಎಫ್‌ಸಿ 1122 ಪ್ರತಿಧ್ವನಿ ಕೋರಿಕೆಗೆ ಉತ್ತರಿಸುವ ವ್ಯವಸ್ಥೆ ಪ್ರತಿಯೊಂದು ಯಂತ್ರದಲ್ಲಿಯೂ ಇರಲೇಬೇಕೆಂದು ವಿಧಿಸಿದ್ದರೂ, ಅನೇಕ ಸಂಸ್ಥೆಗಳು ಸುರಕ್ಷತೆಯ ದೃಷ್ಟಿಯಿಂದ ಈ ಕೋರಿಕೆಗಳನ್ನು ಫೈರ್‌ವಾಲ್‌ನಲ್ಲಿಯೇ ತಡೆಯುತ್ತವೆ. ಅಂತಹ ಯಂತ್ರದ ಜಾಲತಾಣ ಬ್ರೌಸರಿನಲ್ಲಿ ಸರಾಗವಾಗಿ ತೆರೆದುಕೊಂಡರೂ ಪಿಂಗ್‌ಗೆ ಉತ್ತರ ಬರುವುದಿಲ್ಲ.

ಅದೇ ರೀತಿ, ಉತ್ತರ ಬಂದ ಮಾತ್ರಕ್ಕೆ ಸೇವೆ ಸರಿಯಿದೆಯೆಂದೂ ಹೇಳಲಾಗದು. ಐಸಿಎಂಪಿಯಲ್ಲಿ ಪೋರ್ಟ್ ಎಂಬ ಕಲ್ಪನೆಯೇ ಇಲ್ಲ. ಕೋರಿಕೆಗೆ ಉತ್ತರಿಸುವುದು ಸಾಮಾನ್ಯವಾಗಿ ಕಾರ್ಯಾಚರಣಾ ವ್ಯವಸ್ಥೆಯ ಕರ್ನಲ್. ಜಾಲತಾಣವನ್ನೋ ಮಿಂಚಂಚೆಯನ್ನೋ ನಡೆಸುವ ತಂತ್ರಾಂಶ ಸ್ಥಗಿತಗೊಂಡಿದ್ದರೂ ಪಿಂಗ್ ಉತ್ತರ ಎಂದಿನಂತೆ ಬರಬಹುದು. ತರಗತಿಯಲ್ಲಿ ಹಾಜರಿ ಕೂಗಿದಾಗ ಓಗೊಟ್ಟ ವಿದ್ಯಾರ್ಥಿ ಪಾಠ ಓದಿಕೊಂಡು ಬಂದಿದ್ದಾನೆಂದು ಹೇಳಲಾಗದು. ಓಗೊಡದವನು ಊರಿನಲ್ಲೇ ಇಲ್ಲವೆಂದೂ ಹೇಳಲಾಗದು. ನಿರ್ದಿಷ್ಟ ಪೋರ್ಟ್ ತೆರೆದಿದೆಯೇ ಎಂದು ನೋಡಲು ನೆಟ್‌ಕ್ಯಾಟ್, ಟೆಲ್ನೆಟ್ ಮುಂತಾದ ಸಾಧನಗಳನ್ನು ಬಳಸಬೇಕಾಗುತ್ತದೆ.

ರೌಟರ್‌ಗಳು ತಮಗೇ ಬಂದ ಪಿಂಗ್ ಕೋರಿಕೆಗಳಿಗೆ ಕಡಿಮೆ ಆದ್ಯತೆ ನೀಡುವುದುಂಟು. ಆದ್ದರಿಂದ ನಡುವಿನ ರೌಟರೊಂದು ತಡವಾಗಿ ಉತ್ತರಿಸಿದರೆ ಅದರ ಮೂಲಕ ಹಾದುಹೋಗುವ ದಟ್ಟಣೆಯೂ ನಿಧಾನವಾಗಿದೆಯೆಂದು ಭಾವಿಸಬಾರದು.

== ದುರ್ಬಳಕೆ ಮತ್ತು ಸುರಕ್ಷತೆ ==

ಐಪಿ ಪ್ಯಾಕೆಟ್ಟಿನ ಗರಿಷ್ಠ ಗಾತ್ರ 65,535 ಬೈಟ್. 1990ರ ದಶಕದ ಮಧ್ಯಭಾಗದಲ್ಲಿ, ತುಣುಕುಗಳನ್ನು ಜೋಡಿಸಿದಾಗ ಈ ಮಿತಿಯನ್ನು ಮೀರುವಂತಹ ಕೋರಿಕೆಗಳನ್ನು ಕಳುಹಿಸಿ ಯಂತ್ರಗಳನ್ನು ಸ್ಥಗಿತಗೊಳಿಸುವ 'ಪಿಂಗ್ ಆಫ್ ಡೆತ್' ಎಂಬ ದಾಳಿ ಬೆಳಕಿಗೆ ಬಂದಿತು. ತಯಾರಕರು ತಮ್ಮ ವ್ಯವಸ್ಥೆಗಳನ್ನು ತಿದ್ದಿ ಇದನ್ನು ತಡೆದರು. 'ಸ್ಮರ್ಫ್' ಎಂಬ ದಾಳಿಯಲ್ಲಿ, ಬಲಿಯಾಗಬೇಕಾದ ಯಂತ್ರದ ವಿಳಾಸವನ್ನು ಕಳುಹಿಸಿದವರ ವಿಳಾಸವೆಂದು ಸುಳ್ಳಾಗಿ ನಮೂದಿಸಿ ಇಡೀ ಜಾಲಕ್ಕೆ ಕೋರಿಕೆ ಕಳುಹಿಸಲಾಗುತ್ತಿತ್ತು. ಎಲ್ಲ ಉತ್ತರಗಳೂ ಬಲಿಯ ಮೇಲೆ ಬೀಳುತ್ತಿದ್ದವು. 1999ರ ಆರ್‌ಎಫ್‌ಸಿ 2644 ರೌಟರ್‌ಗಳು ಇಂತಹ ಸಾಮೂಹಿಕ ಕೋರಿಕೆಗಳನ್ನು ಪೂರ್ವನಿಯೋಜಿತವಾಗಿ ಮುಂದಕ್ಕೆ ಕಳುಹಿಸಬಾರದೆಂದು ನಿಯಮವನ್ನು ಬದಲಾಯಿಸಿತು.

ಈ ಭಯದಿಂದ ಐಸಿಎಂಪಿಯನ್ನು ಸಂಪೂರ್ಣವಾಗಿ ತಡೆಯುವುದೂ ಹಾನಿಕರ. ಪ್ಯಾಕೆಟ್ ದಾರಿಗೆ ದೊಡ್ಡದಾಯಿತೆಂದು ಕಳುಹಿಸಿದ ಯಂತ್ರಕ್ಕೆ ತಿಳಿಸುವ ಸಂದೇಶವೂ ಇದೇ ನಿಯಮಾವಳಿಗೆ ಸೇರಿದೆ. ಅದನ್ನು ತಡೆದರೆ ಸಂಪರ್ಕ ಏರ್ಪಟ್ಟಂತೆ ಕಂಡರೂ ದೊಡ್ಡ ಕಡತಗಳು ಸಾಗದೆ ನಿಂತುಬಿಡುವುದುಂಟು.

== ಒಂದು ಪ್ರಸಂಗ ==

ಮೂಸ್ ಅವರು ತಾವು ಕೇಳಿದ ಅತ್ಯುತ್ತಮ ಪಿಂಗ್ ಕಥೆಯೆಂದು ಒಂದು ಘಟನೆಯನ್ನು ದಾಖಲಿಸಿದ್ದಾರೆ. ಆಗಾಗ ಕಡಿಯುತ್ತಿದ್ದ ಈಥರ್ನೆಟ್ ಸಂಪರ್ಕದಿಂದ ಬೇಸತ್ತ ಜಾಲ ನಿರ್ವಾಹಕರೊಬ್ಬರು, ಪ್ರತಿ ಉತ್ತರಕ್ಕೂ ಗಣಕಯಂತ್ರವು 'ಪಿಂಗ್' ಎಂದು ಗಟ್ಟಿಯಾಗಿ ಉಚ್ಚರಿಸುವಂತೆ ಅದನ್ನು ಧ್ವನಿವರ್ಧಕಕ್ಕೆ ಜೋಡಿಸಿದರು. ಬಳಿಕ ಕಟ್ಟಡದಲ್ಲೆಲ್ಲ ಓಡಾಡುತ್ತ ಕೇಬಲ್‌ನ ಜೋಡಣೆಗಳನ್ನು ಒಂದೊಂದಾಗಿ ಅಲುಗಾಡಿಸುತ್ತ ಹೋದರು. ಧ್ವನಿ ನಿಂತ ಜಾಗದಲ್ಲಿ ದೋಷ ಸಿಕ್ಕಿತು.