ಮೂರು ಹಲ್ಲಿನ ತಪ್ಪು

ಹೋದ ಭಾನುವಾರ ಅಪ್ಪನ ಹಳೇ ಕಾರಿಗೆ ನಾನೇ ಟೈಮಿಂಗ್ ಬೆಲ್ಟ್ ಬದಲಾಯಿಸಿದೆ. ಇಂಜಿನಿಯರಿಂಗ್ ಓದಿದ ಜಂಬ ನೋಡಿ! ಕೀಲಿ ತಿರುಗಿಸಿದರೆ ಸ್ಟಾರ್ಟರ್ ಗರಗರ ಅನ್ನುತ್ತದೆ, ಇಂಜಿನ್ ಮಾತ್ರ ಹತ್ತಲೊಲ್ಲದು. ಮತ್ತೆ ಕೀಲಿಗೆ ಕೈ ಹಾಕಿದ್ದೇ ತಡ, ಪಕ್ಕದ ಮನೆಯ ಮೆಕ್ಯಾನಿಕ್ ಅಂಕಲ್ "ನಿಲ್ಸಪ್ಪಾ! ಪಿಸ್ಟನ್ ಬಡಿದ್ರೆ ವಾಲ್ವ್ ಬಾಗೋಗುತ್ತೆ" ಅಂತ ಕೂಗಿದರು.

ಈ ಬೆಲ್ಟಿಗೂ ಒಂದು ಕಥೆಯಿದೆ. ಜರ್ಮನಿಯ ಡಿಂಗೋಲ್ಫಿಂಗ್‌ನಲ್ಲಿ ಬೀಜ ಬಿತ್ತುವ ಯಂತ್ರ ಮಾಡುತ್ತಿದ್ದ ಗ್ಲಾಸ್ ಕಂಪನಿ ಆಮೇಲೆ ಕಾರಿಗೆ ಇಳಿಯಿತು. 1962ರಲ್ಲಿ ತನ್ನ 1004 ಕಾರಿನ ಇಂಜಿನ್ನಿಗೆ ಚೈನಿನ ಬದಲು ಹಲ್ಲಿರುವ ರಬ್ಬರ್ ಬೆಲ್ಟ್ ಹಾಕಿತು. 1966ರಲ್ಲಿ ಇಟಲಿಯ ಫಿಯಟ್ 124 ಸ್ಪೋರ್ಟ್‌ಗೂ ಬೆಲ್ಟ್ ಬಂತು. ಅದೇ ವರ್ಷ ಗ್ಲಾಸ್ ಬಿಎಂಡಬ್ಲ್ಯು ಪಾಲಾಯಿತು. ಬೆಲ್ಟ್ ಅಗ್ಗ, ಸದ್ದು ಕಡಿಮೆ, ಎಣ್ಣೆ ಬೇಡ. ಆದರೆ ರಬ್ಬರ್ ಸವೆಯುತ್ತದೆ, ಕಾಲಕಾಲಕ್ಕೆ ಬದಲಿಸಲೇಬೇಕು. ನನ್ನಂಥವರ ಎಡವಟ್ಟು ಶುರುವಾಗುವುದೇ ಅಲ್ಲಿ.

ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು. ನಾನು ಬೆಲ್ಟ್ ಕೂರಿಸುವಾಗ ಕ್ಯಾಮ್ ಮೂರು ಹಲ್ಲು ಜಾರಿತ್ತು. ಮುಚ್ಚಿರಬೇಕಾದ ವಾಲ್ವ್ ತೆರೆದೇ ಇದ್ದರೆ ಕಂಪ್ರೆಶನ್ ಎಲ್ಲಿಂದ ಬರಬೇಕು?

ಗುರುತುಗಳನ್ನು ಸೇರಿಸಿ, ಸ್ಪ್ಯಾನರ್ ಹಾಕಿ ಕೈಯಲ್ಲೇ ಎರಡು ಸುತ್ತು ತಿರುಗಿಸಿದೆವು. ಎಲ್ಲೂ ತಡೆಯಲಿಲ್ಲ, ಗುರುತುಗಳೂ ಮತ್ತೆ ಕೂಡಿದವು. ಕೀಲಿ ಆಮೇಲೆ. ಹತ್ತಿತು! ವಾಲ್ವ್ ಉಳಿದಿತ್ತು, ಅಪ್ಪನೆದುರು ನನ್ನ ಮಾನವೂ.